ಸೌರಫಲಕಗಳ ಕೆಳಗಿನ ಹುಲ್ಲು

ನಿರೀಕ್ಷಾ ಕೂಕಟ್‌ಪಲ್ಲಿಯ ಸತ್ಯಭಾಮಾ ಅವರ ಫ್ಲಾಟಿಗೆ ಬಂದಾಗ ಅವಳ ಕೈಯಲ್ಲಿದ್ದದ್ದು ಬೇರುಸಮೇತ ಒಣಗಿದ ಹುಲ್ಲಿನ ಹೆಂಟೆ. ರಕ್ಷಣಾ ಪ್ರಯೋಗಾಲಯದಲ್ಲಿ ರಸಾಯನತಜ್ಞೆಯಾಗಿ ನಿವೃತ್ತರಾದ ಸತ್ಯಭಾಮಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗೋಜಲು ಬಿಡಿಸಿಕೊಳ್ಳಲು ಜನ ಅವರಲ್ಲಿಗೆ ಬರುವುದು ಪಕ್ಕದ ಮನೆಯ ಸುವರ್ಣಾಳಿಗೆ ಹೊಸದಲ್ಲ. ಚಹಾ ಮಾಡುವ ನೆಪದಲ್ಲಿ ಅವಳೂ ಅಲ್ಲೇ ಉಳಿದಳು.

ನಿರೀಕ್ಷಾ ಮಣ್ಣಿನ ವಿಜ್ಞಾನಿ. ಐಟಿ ಕಂಪನಿಗಳಿಗಾಗಿ ಊರಾಚೆ ಎದ್ದ ಸೋಲಾರ್ ಸ್ಥಾವರದಲ್ಲಿ ಜಲ್ಲಿ ಸುರಿಯುವ ಬದಲು ಹುಲ್ಲು ಬೆಳೆಸಿದ್ದಳು. ಬರಡು ನೆಲಕ್ಕೆ ಎರೆಹುಳು ಮರಳಿದ್ದವು, ಧೂಳು ಅಡಗಿತ್ತು. ಹುಲ್ಲು ಎತ್ತರಕ್ಕೆ ಬೆಳೆಯದಂತೆ ಬೂದೆಪ್ಪನ ಕುರಿಗಳು ಮೇಯುತ್ತಿದ್ದವು. ಈಗ ಆ ಹುಲ್ಲು ಪಟ್ಟಿಪಟ್ಟಿಯಾಗಿ ಸಾಯುತ್ತಿತ್ತು. ಕುರಿಗಳೇ ಕಾರಣವೆಂದು ಮ್ಯಾನೇಜರ್ ಗುರುಶಾಂತ ಬೂದೆಪ್ಪನನ್ನು ಹೊರಗಟ್ಟಿ, ಜಲ್ಲಿಯ ಲಾರಿಗಳಿಗೆ ಹೇಳಿಬಿಟ್ಟಿದ್ದ. ಸುವರ್ಣಾಳ ಅನುಮಾನ ನೇರವಾಗಿ ಗುರುಶಾಂತನ ಮೇಲೆಯೇ ಹೋಯಿತು.

ಮರುದಿನ ಮೂವರೂ ಅಲ್ಲಿಗೆ ಹೋದರು. ಸತ್ತ ಹುಲ್ಲೆಲ್ಲ ಫಲಕಗಳ ಕೆಳ ಅಂಚಿನ ನೇರಕ್ಕಿತ್ತು, ಒಂದೆಸಳೂ ಕಚ್ಚಿದಂತಿರಲಿಲ್ಲ. ಸತ್ಯಭಾಮಾ ಬೂದೆಪ್ಪನನ್ನು ಕರೆಸಿ ಕುರಿಗಳ ವಿಷಯ ಕೇಳಿದರು.

"ಮೇಯೋದು ಬಿಟ್ಟು ಬರೇ ಮಣ್ಣು ನೆಕ್ಕಾಕತ್ತಿದ್ದವ್ರಿ," ಎಂದ ಅವನು. "ಆಮ್ಯಾಗ ನೀರಿಗೆ ಭಾಳ ಹಪಹಪಿಸ್ತಿದ್ವು."

ಸತ್ಯಭಾಮಾ ಫಲಕದ ಚೌಕಟ್ಟಿನ ಸಂದಿಯಲ್ಲಿ ಬೆರಳಾಡಿಸಿದರು. ಬಿಳಿ ಹಕ್ಕಳೆ ಅಂಟಿತು. ಫಲಕ ತೊಳೆಯುವ ನೀರು ಯಾವುದೆಂದು ಕೇಳಿದಾಗ, ತಾವೆಲ್ಲ ಕುಡಿಯುವ ಬೋರ್‌ವೆಲ್ಲಿನದೇ, ಗುತ್ತಿಗೆದಾರನ ಟ್ಯಾಂಕರಿಗೆ ತುಂಬಿಸಿ ತರುತ್ತಾರೆ ಎಂದ ಗುರುಶಾಂತ.

ಮಧ್ಯಾಹ್ನ ಅವರು ಎಲ್ಲರನ್ನೂ ಕಚೇರಿಯ ಜಗಲಿಗೆ ಸೇರಿಸಿದರು. ಫಲಕ ತೊಳೆಸುವ ಗುತ್ತಿಗೆದಾರ ಸೂರಜ್ ಕೂಡ ಬಂದ. ಸತ್ಯಭಾಮಾ ಬೋರ್‌ವೆಲ್ ನೀರಿಗೆ ತಾವು ತಂದಿದ್ದ ಪುಟ್ಟ ಸೀಸೆಯಿಂದ ಸಿಲ್ವರ್ ನೈಟ್ರೇಟ್ ದ್ರಾವಣ ಬಿಟ್ಟರು. ನೀರು ಬಹುತೇಕ ತಿಳಿಯಾಗಿಯೇ ಉಳಿಯಿತು. ಹಕ್ಕಳೆ ಕದಡಿದ ನೀರಿಗೆ ಬಿಟ್ಟೊಡನೆ ಅದು ಹಾಲಿನಂತೆ ಬೆಳ್ಳಗಾಯಿತು.

"ಇದು ಉಪ್ಪು," ಎಂದರು ಸತ್ಯಭಾಮಾ. "ಉಪ್ಪಿದ್ದರೆ ಮಾತ್ರ ನೀರು ಹೀಗೆ ಬೆಳ್ಳಗಾಗುತ್ತದೆ. ಕುರಿ ನೆಕ್ಕಿದ್ದೂ ಇದನ್ನೇ. ಗಾಜು ಒರೆಸಿದಾಗ ಗುರುತು ಹೋಯಿತು, ಸಂದಿಯಲ್ಲಿ ಉಳಿಯಿತು. ಇಳಿದ ನೀರು ಅಂಚಿನ ಹುಲ್ಲನ್ನು ಕೊಂದಿತು. ಬೋರ್‌ವೆಲ್ಲಿನಲ್ಲಿ ಇಲ್ಲದ ಉಪ್ಪು ಟ್ಯಾಂಕರಿನಲ್ಲಿ ಬೆರೆತಿದೆ."

ಗುರುಶಾಂತನಿಗೆ ಜಲ್ಲಿ ಬೇಕಿತ್ತು ನಿಜ. ಆದರೆ ತನ್ನ ಹೊಣೆಯಲ್ಲಿದ್ದ ಫಲಕಗಳ ಲೋಹಕ್ಕೆ ಅವನು ಉಪ್ಪು ತಾಗಿಸುವವನಲ್ಲ, ಟ್ಯಾಂಕರಿನ ಬೀಗದ ಕೈಯೂ ಅವನ ಬಳಿ ಇರಲಿಲ್ಲ. ಅದು ಇದ್ದದ್ದು ಸೂರಜ್ ಒಬ್ಬನಲ್ಲೇ. ಹುಲ್ಲಿನಿಂದ ಧೂಳು ಅಡಗಿ, ತೊಳೆಯುವ ಕೆಲಸ ಅರ್ಧಕ್ಕಿಳಿದು, ನಷ್ಟವಾದದ್ದೂ ಅವನಿಗೇ.

ಸೂರಜ್ ಬೀಗದ ಕೈ ತೆಗೆದು ಜಗಲಿಯ ಮೇಲಿಟ್ಟ. "ಯಾದಗಿರಿ ಕಡಿ ಮಂದಿನ್ನ ಕರಕೊಂಡು ಬಂದೀನ್ರಿ," ಎಂದ. "ಕೆಲಸ ನಿಂತ್ರ ಅವರಿಗೆ ಏನ್ ಹೇಳ್ಲಿ?"

ಸಿಟ್ಟು ತೋರಿಸುವ ಹಕ್ಕಿದ್ದವಳು ನಿರೀಕ್ಷಾ. ಅವಳು ಆ ಆಳುಗಳಿಗೆ ಉಪ್ಪಿನ ವಿಷಯ ಗೊತ್ತಿತ್ತೇ ಎಂದಷ್ಟೇ ಕೇಳಿದಳು. ಇಲ್ಲವೆಂದ ಸೂರಜ್. ಅವನ ಗುತ್ತಿಗೆ ಹೋಯಿತು. ಆಳುಗಳನ್ನು ಮಾತ್ರ ಅವಳು ಉಳಿಸಿಕೊಂಡಳು. ಸಿಹಿನೀರು ಹಾಯಿಸಿ ಮಣ್ಣಿನ ಉಪ್ಪು ಇಳಿಸುವ, ಮತ್ತೆ ಬೀಜ ಬಿತ್ತುವ ಕೆಲಸಕ್ಕೆ. ಜಲ್ಲಿ ಹೊತ್ತು ಬಂದ ಲಾರಿಗಳು ಸುರಿಯದೆಯೇ ಮರಳಿ ಹೋದವು.

ಮಳೆಗಾಲ ಕಳೆದು ಸುವರ್ಣಾ ಅಲ್ಲಿಗೆ ಹೋದಾಗ, ಪರಿಶೀಲನೆಗೆ ಬಂದ ಅಧಿಕಾರಿಗಳ ನಡುವೆ ಗುರುಶಾಂತ ಮೊಣಕಾಲೂರಿ ಕೂತಿದ್ದ. ಬೊಗಸೆ ಮಣ್ಣು ಬಿಡಿಸಿ, "ನೋಡ್ರಿ, ಜೀವ ಐತಿ ಇದರಾಗ," ಎಂದು ಎರೆಹುಳು ತೋರಿಸುತ್ತಿದ್ದ. ಬಿಳಿ ಪ್ಯಾಂಟು ಕೆಸರಾದದ್ದು ಅವನ ಗಮನಕ್ಕೇ ಬಂದಿರಲಿಲ್ಲ.