ಮೋಟಾರ್ ಹಾಕದ ಮಧ್ಯಾಹ್ನ

"ಕಂಪ್ಯೂಟರಿನ ಪ್ಲಗ್ ಕಿತ್ತೋರು ನೀವೇ ತಾನೆ?"

ಶಾಂತರಾಜು ಕೂಗಿದ್ದರೆ ಮೀನಾಗೆ ಅಷ್ಟು ಉರಿಯುತ್ತಿರಲಿಲ್ಲ. ಮೆಲ್ಲಗೆ ಕೇಳಿದ್ದ. ಅವಳ ಕೈಯಲ್ಲಿದ್ದ ಸೀಸದ ಅಕ್ಷರದ ಮೊಳೆ ಹಾಗೇ ನಿಂತಿತು.

"ನಾನ್ಯಾಕ್ ಕೀಳ್ಲಿ ಸಾ?"

"ಪ್ಲಗ್ ಇರೋದು ನಿಮ್ಮ ಪಕ್ಕದಲ್ಲೇ. ಈ ಡಬ್ಬ ಬಂದ್ರೆ ನನ್ನ ಮೊಳೆಗೆಲ್ಲ ಗುಜರಿನೇ ಗತಿ ಅಂತ ಮೊದಲ ದಿನ ಅಂದೋರೂ ನೀವೇ."

ಅಂದಿದ್ದು ನಿಜ. ಆದರೆ ಅದೇ ದಿನ ಅವಳು ಜೋಡಿಸಿದ ಪುಟ ನೋಡಿ, ಇಷ್ಟು ನೆಟ್ಟಗಿನ ಸಾಲು ಯಾವ ಯಂತ್ರ ಕೊಡುತ್ತೆ ಅಂತ ಇವನೂ ಅಂದಿದ್ದನಲ್ಲ! ಆ ಒಂದು ಮಾತಿಗೇ ಮನಸ್ಸು ಜಾರಿಸಿಕೊಂಡಿದ್ದಳು, ಪೆದ್ದಿ. ಈಗ ನೋಡಿ, ಕಳ್ಳಿ ಪಟ್ಟ.

ಇದು ಎರಡು ಸಾವಿರದ ಎರಡರ ಮಾತು. ಮುಳ್ಳೂರಿನ ಮೀನಾ ಕೊಳ್ಳೇಗಾಲದ ಆ ಪ್ರೆಸ್ಸಿನಲ್ಲಿ ಒಂಬತ್ತು ವರ್ಷದಿಂದ ಮೊಳೆ ಜೋಡಿಸುತ್ತಿದ್ದಳು. ಒಡತಿ ಮಹಾಲಕ್ಷ್ಮಮ್ಮನವರಿಗೆ ಕಾಲೇಜಿನ ಶಿವನಂಜಯ್ಯ ಮೇಷ್ಟ್ರು ಒಂದು ಗಣಿತದ ಪುಸ್ತಕ ಅಚ್ಚಿಗೆ ಒಪ್ಪಿಸಿದ್ದರು. ಗಣಿತದ ಚಿಹ್ನೆಗೆಲ್ಲ ಮೊಳೆ ಎಲ್ಲಿಂದ ತರೋದು? ಅದಕ್ಕೇ ಯಳಂದೂರಿನ ಶಾಂತರಾಜು ಹಳೇ ಕಂಪ್ಯೂಟರ್, ಪ್ರಿಂಟರ್ ಹೊತ್ತು ತಂದಿದ್ದ. ಶುಕ್ರವಾರ ಸಂಜೆ ಐದಕ್ಕೆ ಮೊದಲ ಪುಟ ತೋರಿಸದಿದ್ದರೆ ಪುಸ್ತಕ ಮೈಸೂರಿಗೆ ಹೋಗುತ್ತೆ, ನಾನು ಬಾಗಿಲು ಹಾಕ್ತೀನಿ ಅಂತ ಮಹಾಲಕ್ಷ್ಮಮ್ಮ ಕಡ್ಡಿ ಮುರಿದಂತೆ ಹೇಳಿದ್ದರು.

ಅವನ ಸಿ.ಡಿ.ಯಲ್ಲಿದ್ದದ್ದು ಪುಟ ಜೋಡಿಸುವ ಸಾಫ್ಟ್‌ವೇರಿನ ಬರೀ ಸೋರ್ಸ್ ಕೋಡ್. ಅಕ್ಕಿ ಉದ್ದು ಕೊಟ್ಟು, ದೋಸೆ ನೀವೇ ಹುಯ್ಕೊಳ್ಳಿ ಅಂದ ಹಾಗೆ! ಆ ದೋಸೆ ಹುಯ್ಯುವ ಕೆಲಸಕ್ಕೇ ಕಂಪೈಲ್ ಅಂತ ಹೆಸರು; ಬೆಳಿಗ್ಗೆ ಹತ್ತಕ್ಕೆ ಬಿಟ್ಟರೆ ಆ ಮುದಿ ಯಂತ್ರ ಮುಗಿಸುವುದು ನಾಲ್ಕಕ್ಕೆ. ಮೂರು ದಿನವೂ ಎರಡು ಗಂಟೆ ದಾಟುತ್ತಲೇ ಪರದೆ ಕಪ್ಪಾಗಿ, ಎಲ್ಲ ಮೊದಲಿಂದ ಶುರು. ಗುರುವಾರ ಅವನು ಪ್ಲಗ್ಗಿನ ಮಾತೆತ್ತಿದ್ದು ಅದಕ್ಕೇ.

ಶುಕ್ರವಾರ ಬಂತು. ಮೀನಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ತಲೆ ಸುಮ್ಮನಿರಬೇಕಲ್ಲ. ಎರಡು ಗಂಟೆಗೆ ಏನಾಗುತ್ತೆ?

ಹಿಂದಿನ ಕೋಣೆಯಲ್ಲಿ ಮಷೀನ್ ನೋಡಿಕೊಳ್ಳುವ ನಂಜಯ್ಯ ಊಟ ಮುಗಿಸಿ, ಬೀಡಿ ಎಳೆದು, ಅಚ್ಚಿನ ಮಷೀನಿನ ಮೋಟಾರ್ ಹಾಕುತ್ತಾನೆ. ಬೆಳಿಗ್ಗೆ ಹಾಕಿದರೆ ಏನೂ ಆಗಲ್ಲ. ಮಧ್ಯಾಹ್ನ ಊರಿಗೇ ವೋಲ್ಟೇಜ್ ಕಮ್ಮಿ. ಮೋಟಾರ್ ಎದ್ದೊಡನೆ ಅವಳ ತಲೆ ಮೇಲಿನ ಬಲ್ಬು ಒಂದು ಗಳಿಗೆ ಮಂಕಾಗುತ್ತೆ. ಡಬ್ಬಕ್ಕೂ ಅದೇ ಕರೆಂಟು...

ಅಯ್ಯೋ ದೇವ್ರೇ!

ಹೋಗಿ ಹೇಳಲಾ? ಕಳ್ಳಿ ಅಂದವನ ಮುಂದೆ ನಿಂತು ಸಮಜಾಯಿಷಿ ಕೊಡಲಾ? ಕೊಡಲ್ಲ, ಏನಾದ್ರೂ ಆಗ್ಲಿ. ಆದರೆ ಕುಂತೂರಿನ ಸಕ್ಕರೆ ಕಾರ್ಖಾನೆಯ ಕಬ್ಬಿನ ತೂಕದ ಚೀಟಿಗಳೂ ಸಂಜೆಯೊಳಗೆ ಅಚ್ಚಾಗಬೇಕಿತ್ತು. ಮಷೀನು ನಿಲ್ಲುವ ಹಾಗಿಲ್ಲ.

ಮೋಟಾರ್ ಇಲ್ಲದಾಗ ಕಾಲಲ್ಲಿ ತುಳಿಯುವ ಪೆಡಲ್ ಮಷೀನಿಗೆ ಇತ್ತು, ಆದರೆ ನಂಜಯ್ಯನ ಮಂಡಿ ಊದಿತ್ತು. ಮೋಟಾರಿನ ಬೆಲ್ಟ್ ಬಿಚ್ಚಿಕೊಡಿ ಮಾವ, ಇವತ್ತು ಕಾಲಲ್ಲೇ ತುಳೀತೀನಿ ಅಂದಳು. ಕಾಗದ ಕೊಡುವುದು ಅವನು, ತುಳಿಯುವುದು ಇವಳು. ಸೆರಗು ಸಿಕ್ಕಿಸಿ ನಿಂತಳು. ಎರಡು ದಾಟಿತು. ಮೂರಾಯಿತು. ತೊಡೆ ನಡುಗುತ್ತಿತ್ತು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ಮೂರೂವರೆಗೆ ಬಾಗಿಲಲ್ಲಿ ಶಾಂತರಾಜು ಬಂದು ನಿಂತ. ಅವಳ ಕಾಲು ನೋಡಿದ. ಮೋಟಾರ್ ಇರುವಾಗ ಇದೇನು ಶಿಕ್ಷೆ ಅಂತ ಗೊಣಗುತ್ತಾ ಸ್ವಿಚ್ಚಿಗೆ ಕೈ ಚಾಚಿದ.

"ಮುಟ್ಬೇಡಿ!"

ಬೆರಳು ಸ್ವಿಚ್ಚಿನ ಮೇಲೇ ನಿಂತಿತು.

"ಅದ ಹಾಕುದ್ರೆ ನಿಮ್ ಡಬ್ಬ ಸತ್ತೋಯ್ತದೆ. ಮೂರು ದಿನ ಸತ್ತಿದ್ದೂ ಇದ್ರಿಂದ್ಲೇ. ನನ್ನಿಂದಲ್ಲ."

ಅವನು ಕೈ ಹಿಂದೆಗೆದ. ನಿನ್ನೆ ಏನಂದುಬಿಟ್ಟೆ ಅಂತ ತನ್ನಲ್ಲೇ ಅಂದುಕೊಂಡ. ಅವಳಿಗೆ ಪಕ್ಕಕ್ಕೆ ಸರಿಯಲು ಹೇಳಿ, ಚಪ್ಪಲಿ ಬಿಟ್ಟು, ತಾನೇ ತುಳಿಯಲು ನಿಂತ. ಪರದೆ ಕಾಯಲು ಅವಳು ಹೋದಳು.

ಸಾಲುಗಳು ಓಡುತ್ತಲೇ ಇದ್ದವು. ಅವಳು ಬಲ್ಬಿನ ಕಡೆ ಒಮ್ಮೆ, ಪರದೆಯ ಕಡೆ ಒಮ್ಮೆ ನೋಡುತ್ತಿದ್ದಳು. ನಾಲ್ಕೂ ಹತ್ತಕ್ಕೆ ಕೊನೆಯ ಸಾಲು ಬಂದು, ಕರ್ಸರ್ ಸುಮ್ಮನೆ ಮಿನುಗತೊಡಗಿತು.

"ಮುಗೀತು ಕಣ್ರೀ!"

ಅವನು ಓಡಿ ಬಂದು ಇನ್‌ಸ್ಟಾಲ್ ಮಾಡಿದ. ಪ್ರಿಂಟರಿನಿಂದ ಮೊದಲ ಪುಟ ಹೊರಬಂತು. ಐದಕ್ಕೆ ಬಂದ ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿ, ಉಳಿದ ಹಸ್ತಪ್ರತಿಯನ್ನೂ ಮೇಜಿನ ಮೇಲಿಟ್ಟು ಹೋದರು. ಮಹಾಲಕ್ಷ್ಮಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡರು.

ಮೀನಾ ಮೆಟ್ಟಿಲ ಮೇಲೆ ಕೂತಿದ್ದಳು. ಅವನು ಕೊಬ್ಬರಿ ಎಣ್ಣೆ ತಂದು ಕೆಳಗಿನ ಮೆಟ್ಟಿಲಲ್ಲಿ ಕೂತ.

"ಕಾಲು ತುಂಬಾ ನೋಯ್ತಿದ್ಯಾ?"

"ನೀವಂದ ಮಾತಿನಷ್ಟಿಲ್ಲ."

"ತಪ್ಪಾಯ್ತು ಮೀನಾ. ನನ್ನ ಕೆಲಸ ಕೆಡಿಸ್ತೀರ ಅಂದ್ಕೊಂಡೆ. ನೀವು ನನಗೋಸ್ಕರ..." ಅವನು ಎಣ್ಣೆ ಅವಳ ಕಡೆ ಸರಿಸಿದ. "ಸಾಲು ನೆಟ್ಟಗಿದ್ಯಾ ಅಂತ ಯಂತ್ರಕ್ಕೆ ಗೊತ್ತಾಗಲ್ಲ, ನಿಮ್ಮ ಕಣ್ಣಿಗೆ ಗೊತ್ತಾಗುತ್ತೆ. ಅದರ ಮುಂದೆ ನೀವೇ ಕೂರಬೇಕು. ನೀವಿಲ್ಲದ ಕಡೆ ನನಗೂ ಇರೋಕಾಗಲ್ಲ. ನನ್ನ ಮದುವೆ ಆಗ್ತೀರಾ?"

ಅವಳು ತಲೆ ಎತ್ತಲಿಲ್ಲ. "ಮತ್ತೆ ಮಧ್ಯಾಹ್ನ ಮಷೀನ್ ಯಾರು ತುಳಿಯಾದು?"

"ನಾನೇ. ನೀವು ಮೋಟಾರ್ ಹಾಕು ಅನ್ನೋವರೆಗೂ."

ಮೀನಾ ಒಳಗಿದ್ದ ಮಹಾಲಕ್ಷ್ಮಮ್ಮನ ಕಡೆ ತಿರುಗಿ ಕೂಗಿದಳು: "ಅಮ್ಮಾ, ಆ ಮೋಟಾರ್ ಮಾರ್ಬುಡಿ."