ಎರಡನೇ ಡಿಸ್ಕಿನಲ್ಲಿದ್ದ ಅಪ್ಪನ ದನಿ

"ಕೈ ತೆಗೀರಿ! ಅದನ್ನ ಮುಟ್ಟಬೇಡಿ!"

ಸ್ಕ್ರೂಡ್ರೈವರ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ನೆಲದ ಮೇಲೆ ಮೊಣಕಾಲೂರಿ ಕೂತಿದ್ದ ರಿಪೇರಿಯವನು ತಲೆಯೆತ್ತಿದ.

"ಮುಟ್ಟದೆ ಕಂಪ್ಯೂಟರ್ ರಿಪೇರಿ ಮಾಡೋ ವಿದ್ಯೆ ನನಗಿನ್ನೂ ಬಂದಿಲ್ಲ ಮೇಡಂ."

"ತಮಾಷೆ ಅಲ್ಲ. ಅದರೊಳಗೆ ನಮ್ಮಪ್ಪ ಇದ್ದಾರೆ!"

ಹೇಳಿಬಿಟ್ಟ ಮೇಲೆ ಅವಳಿಗೇ ನಾಚಿಕೆಯಾಯಿತು. ಅವನು ಮಾತ್ರ ನಗಲಿಲ್ಲ.

ಅಪ್ಪ ಮೂವತ್ತು ವರ್ಷ ರೈಲು ನಿಲ್ದಾಣದ ಧ್ವನಿಯಾಗಿದ್ದವರು. ಮನೆಯಲ್ಲಿ ಊಟಕ್ಕೆ ಕರೆಯುವಾಗಲೂ "ಪ್ರಯಾಣಿಕರ ಗಮನಕ್ಕೆ" ಎಂದೇ ಶುರು! ಗಂಟಲಿನ ಆಪರೇಷನ್‌ಗೆ ಮುಂಚೆ ಅವಳು ಅವರಿಂದ ನಲವತ್ತು ಕಥೆ ಓದಿಸಿ ಇಟ್ಟುಕೊಂಡಿದ್ದಳು. ಪುಸ್ತಕಗಳನ್ನು ಧ್ವನಿಮುದ್ರಿಸುವುದೇ ಅವಳ ಕೆಲಸ. ಆಪರೇಷನ್ ಆಯಿತು, ದನಿ ಹೋಯಿತು. ಈಗ ಅಪ್ಪನ ಮಾತೆಲ್ಲ ಒಂದು ಸ್ಲೇಟಿನ ಮೇಲೆ.

"ಎರಡು ಹಳೇ ಡಿಸ್ಕು, ಒಂದು ಹೊಸ ಎಸ್‌ಎಸ್‌ಡಿ ಡಿಸ್ಕು. ಒಂದೊಂದೂ ಒಂದೊಂದು ತಳಿ," ಅಂದ ಅವನು. "ಯಾವುದನ್ನ ಮೊದಲು ಎಬ್ಬಿಸಬೇಕು ಅಂತ್ಲೇ ಇದಕ್ಕೆ ಗೊತ್ತಾಗ್ತಿಲ್ಲ."

ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಮೂರಕ್ಕೂ ಸರದಿ ಹಾಕಿದ. ಹೊಸದು ಮೊದಲು ಏಳಬೇಕು, ಅದು ಸೊನ್ನೆ ನಂಬರು. ಅವಳ ಧ್ವನಿಮುದ್ರಣದ ಚೂರುಪಾರು ಒಂದನೇ ನಂಬರಿನಲ್ಲಿ. ಅದು ಪ್ರತಿ ಭಾನುವಾರ ತಾನಾಗಿ ಪೂರ್ತಿ ಅಳಿಸಿಹೋಗುವಂತೆ ಮಾಡಿದ. ಅಪ್ಪನ ದನಿ ಎರಡನೆಯದರಲ್ಲಿ.

"ಇನ್ನೊಂದು ಡಿಸ್ಕ್ ತಗೊಂಡು ಇದರ ನಕಲು ಇಟ್ಕೊಳ್ಳಿ," ಎಂದೂ ಹೇಳಿದ. ತಂದರಾಯಿತು ಅಂದುಕೊಂಡಳು. ಇವತ್ತಲ್ಲ ನಾಳೆ, ನಾಳೆಯಲ್ಲ ನಾಡಿದ್ದು...

ಆಮೇಲೆ ಅವನು ನಾಲ್ಕು ಸಲ ಬಂದ. ಪ್ರತಿ ಸಲವೂ "ಫ್ಯಾನ್ ಸದ್ದು ಮಾಡ್ತಿದೆಯಾ ನೋಡೋಣ ಅಂತ..." ಎಂಬ ಅದೇ ನೆಪ.

ಅಪ್ಪ ಸ್ಲೇಟು ತೋರಿಸಿದರು: 'ಫ್ಯಾನಿಗೆ ಏನೂ ಆಗಿಲ್ಲ. ಇವನಿಗೇ ಏನೋ ಆಗಿದೆ.'

ಅವಳ ಕೆನ್ನೆ ಕೆಂಪಾಯಿತು. 'ನನಗೂ ಏನೋ ಆಗಿದೆ ಅಪ್ಪಾ...' ಎಂದುಕೊಂಡಳು.

ಆದರೆ ಒಂದು ಸೋಮವಾರ ಬೆಳಿಗ್ಗೆ ಅವಳು ಕಂಪ್ಯೂಟರ್ ಹಚ್ಚಿ ನೋಡಿದಳು. ಅಪ್ಪನ ಡಿಸ್ಕು ಖಾಲಿ! ನಲವತ್ತು ಕಥೆಗಳಲ್ಲಿ ಒಂದೂ ಇಲ್ಲ!

ಅವನು ಓಡಿಬಂದ. ಪೆಟ್ಟಿಗೆ ತೆರೆದು ತಂತಿಗಳನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖವನ್ನೂ ಒಂದು ಕ್ಷಣ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ತಪ್ಪು ನನ್ನದೇ."

"ಅಷ್ಟೇನಾ? ನಮ್ಮಪ್ಪನ ದನಿ ಎರಡನೇ ಸಲ ಸತ್ತುಹೋಯ್ತು... ನಿಮ್ಮ ಕೈಯಲ್ಲಿ! ಹೊರಡಿ. ಇನ್ನೊಂದ್ಸಲ ಈ ಕಡೆ ಬರಬೇಡಿ!"

"ಡಿಸ್ಕ್ ಕೊಡಿ. ಏನಾದ್ರೂ ಸಿಗುತ್ತಾ ನೋಡ್ತೀನಿ."

ಕೊಟ್ಟಳು. ಮುಖ ನೋಡಲಿಲ್ಲ.

ಐದು ತಿಂಗಳು ಕಳೆಯಿತು. ಅವನ ಸುದ್ದಿಯಿಲ್ಲ. ಗಾಯದ ಮೇಲೆ ಬರೆ ಎಳೆದಂತೆ ಅಪ್ಪನ ಗಂಟಲಿನ ಕಾಯಿಲೆ ಮರಳಿತು. "ಇನ್ನು ನಮ್ಮ ಕೈಯಲ್ಲಿಲ್ಲ. ಹೆಚ್ಚೆಂದರೆ ಎರಡು ತಿಂಗಳು," ಎಂದರು ಡಾಕ್ಟರು.

ಆಸ್ಪತ್ರೆಯಿಂದ ಬಂದವರೇ ಅಪ್ಪ ಸ್ಲೇಟಿನ ಮೇಲೆ ಬರೆದರು. ಒರೆಸಿದರು. ಮತ್ತೆ ಬರೆದರು.

'ಡಿಸ್ಕು ಖಾಲಿಯಾಗುವ ಮುಂಚೆ ಪೆಟ್ಟಿಗೆ ಬಿಚ್ಚಿ ಧೂಳು ಒರೆಸಿದ್ದು ನಾನು. ಎರಡು ತಂತಿ ಕಳಚಿಕೊಂಡವು. ತೋಚಿದ ಕಡೆ ಚುಚ್ಚಿದೆ.'

"ಅಪ್ಪಾ..."

'ಅವನಿಗೆ ಗೊತ್ತು. ನನ್ನನ್ನು ಬಿಟ್ಟುಕೊಡಲಿಲ್ಲ. ನಾನು ಸುಮ್ಮನಿದ್ದೆ ಮಗಳೇ. ಹೇಡಿ.'

ಅವಳು ಆ ಕೈಯನ್ನು ಎದೆಗೊತ್ತಿಕೊಂಡು ಅತ್ತಳು. ಬೈಯಲು ಮನಸ್ಸೆಲ್ಲಿಂದ ಬರಬೇಕು?

ಮರುದಿನ ಅವನ ಅಂಗಡಿಗೆ ಹೋದಳು. ಟೈಲರನ ಅಂಗಡಿಗೂ ಬೀಗದವನ ಅಂಗಡಿಗೂ ನಡುವೆ ಸಿಕ್ಕಿಕೊಂಡ ಪುಟ್ಟ ಕೋಣೆ. ಮೇಜಿನ ಮೇಲೆ ಅವಳದೇ ಡಿಸ್ಕು.

"ಒಂದು ಉಸಿರಿನ ಸದ್ದೂ ಸಿಗಲಿಲ್ಲ," ಅಂದ ಅವನು. ಕಣ್ಣು ಕೆಂಪಾಗಿತ್ತು. "ಬರಿಗೈಲಿ ಬರೋಕೆ ಮುಖ ಇರಲಿಲ್ಲ."

"ತಂತಿ ಬದಲಾಯಿಸಿದ್ದು ನಮ್ಮಪ್ಪ ಅಂತ ಯಾಕೆ ಹೇಳಲಿಲ್ಲ?"

"ಮಾತೇ ಆಡೋಕಾಗದವರ ಮೇಲೆ ದೂರು ಹೇಳ್ಲಾ? ಅಲ್ದೆ, ತಪ್ಪು ನನ್ನದೂ ಇದೆ. ಕಂಪ್ಯೂಟರಿಗೆ ಒಂದನೇ ನಂಬರ್ ಅಳಿಸು ಅಂದಿದ್ದೆ. ತಂತಿ ಬದಲಾದ್ರೆ ನಂಬರೂ ಬದಲಾಗುತ್ತೆ, ಅವರ ಡಿಸ್ಕೇ ಒಂದನೇದಾಯ್ತು. ಡಿಸ್ಕಿನ ಸ್ವಂತ ಗುರುತು ಹೇಳಿ ಅಳಿಸು ಅನ್ನಬೇಕಿತ್ತು. ಕಲಿತವನು ನಾನು, ಅವರಲ್ಲ."

ಅವಳು ಮೇಜಿನ ಮೇಲಿದ್ದ ಡಿಸ್ಕನ್ನು ಪಕ್ಕಕ್ಕೆ ಸರಿಸಿದಳು.

"ಅಪ್ಪ ಉಳಿಯಲ್ಲ... ಎರಡೇ ತಿಂಗಳಂತೆ. ದಿನಾ ಅವರನ್ನ ನೋಡ್ತಾ ಕೂರೋಕೆ ನನ್ನೊಬ್ಬಳ ಕೈಲಿ ಆಗ್ತಿಲ್ಲ."

ಅವನು ಎದ್ದು ಬಂದು ಅವಳ ಮುಂದೆ ನಿಂತ.

"ನೀನಂದ್ರೆ ನನಗೆ ಪ್ರಾಣ. ಮೊದಲ ದಿನದಿಂದ್ಲೂ," ಎಂದ ಮೆಲ್ಲಗೆ. "ಇದನ್ನ ಹೇಳೋ ಹೊತ್ತಲ್ಲ ಇದು, ಗೊತ್ತು."

"ಒಳ್ಳೇ ಹೊತ್ತು ಇನ್ನು ಬರಲ್ಲ. ಈಗ್ಲೇ ಹೇಳು... ನಮ್ಮನೆಗೆ ಬರ್ತೀಯಾ?"

"ಬರ್ತೀನಿ."

"ಅವರು ಹೋದ್ಮೇಲೆ ನಾನು ತುಂಬಾ ಅಳ್ತೀನಿ. ಸುಧಾರಿಸ್ಕೊಳ್ಳೋಕೆ ವರ್ಷಗಟ್ಟಲೆ ಬೇಕಾಗಬಹುದು."

"ಅಳು," ಎಂದ ಅವನು, ಅವಳ ಕೈ ಹಿಡಿದು. "ನಾನಿರ್ತೀನಿ."