ತಡೆ ಒಡೆದ ಮಧ್ಯಾಹ್ನ

“ಮನೆ ಸೇರಿ ಕಾಲು ತೊಳೆಯೋಗಂಟ ಯಾರು ಕೂಗಿದ್ರೂ ಓಗೊಡಬ್ಯಾಡ ಕಣಪ್ಪ,” ಎಂದಳು ತಡೆ ಒಡೆಯುವ ಮುದುಕಿ ಸಪ್ಪಲಮ್ಮ. “ಕಿವಿ ಬಿಟ್ಟಿದ್ದು ಬೆನ್ನಿಂದೆನೇ ಬರ್ತಿರ್ತದೆ. ಓಗೊಟ್ರೆ ಕೂಗ್ದೋರ ಕಿವಿಗೆ ಹೊಕ್ಕೊಳ್ತದೆ.”

“ಸಖತ್ತಾಗೈತಲ್ಲಮ್ಮ, ನಿನ್ನ ಕೊರಿಯರ್ ಸರ್ವಿಸು!” ಎಂದು ಚನ್ನವೀರ ನಕ್ಕ.

ಕಡೂರಿನ ಕಡೆಯಿಂದ ಬಂದು ಪುಟ್ಟೇನಹಳ್ಳಿಯ ರಾಗಿ ಮಿಲ್ಲಿಗೆ ಸೇರಿ ಅವನಿಗೆ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ‘ಗುಂಯ್’ ಎನ್ನುವ ಸದ್ದೊಂದು ಕಿವಿಯೊಳಗೆ ಬಿಡಾರ ಹೂಡಿತ್ತು. ಡಾಕ್ಟರು, ಮಲಗುವಾಗ ಫ್ಯಾನೋ ರೇಡಿಯೋವೋ ಸಣ್ಣಗೆ ಹಾಕಿಕೊಂಡು ಒಗ್ಗಿಸಿಕೊಳ್ಳಿ ಎಂದಿದ್ದರು. ಹೆಂಡತಿ ವಾರಿಜಾ ಬೆಳ್ಳುಳ್ಳಿ ಎಣ್ಣೆ ಬಿಟ್ಟಳು, ಕಾಫಿ ಬಿಡಿಸಿದಳು. ಯಾವುದಕ್ಕೂ ಜಗ್ಗಲಿಲ್ಲ. ಮಿಲ್ಲಿನ ಜೊತೆಗಾರ ಮಹೇಶ್ ಗಿರಾಕಿಗಳೆದುರೇ, “ಏನ್ ಗುರು, ಇವತ್ತು ಯಾವ ಸ್ಟೇಷನ್ನು?” ಎಂದು ಕೆಣಕುತ್ತಿದ್ದ. ಇದು ಯಾರೋ ಮಾಡಿಸಿದ ಮಾಟವೆಂದು ವಾರಿಜಾ ಹಟ ಹಿಡಿದದ್ದಕ್ಕೆ, ಅಮಾವಾಸ್ಯೆಯ ಭಾನುವಾರ ತಡೆ ಒಡೆಸಿ ಅದನ್ನು ತೆಗೆಸಲು ಬಂದಿದ್ದ.

ಕೆರೆಯಾಚೆ ಹೊಂಗೆಯ ಬುಡದಲ್ಲಿ ಸಪ್ಪಲಮ್ಮ ಅವನ ತಲೆಯ ಮೇಲೆ ಕರಿಕಂಬಳಿ ಎಳೆದಳು. ನಡುಮಧ್ಯಾಹ್ನವೇ ಕತ್ತಲಾಯಿತು. ಕುರಿಯ ವಾಸನೆ, ಸುಟ್ಟ ಕೂದಲಿನ ಕಮಟು, ಮೆಣಸಿನಕಾಯಿ ಘಾಟು. ಕಾಲ ಬಳಿ ಮಡಕೆ ಒಡೆಯಿತು.

ಗುಂಯ್ ನಿಂತಿತು.

ಕಂಬಳಿ ಸರಿಸಿ ಎದ್ದವನಿಗೆ ಎಲೆ ಬಿದ್ದ ಸದ್ದೂ ಕೇಳಿತು. ಅಳು ಬಂದಂತಾಯಿತು. ನಾಲ್ಕು ಹೆಜ್ಜೆ ನಡೆದ. ಬೆನ್ನ ಹಿಂದೆ, ಎರಡೇ ಮಾರು ದೂರದಲ್ಲಿ, ಅದೇ ಗುಂಯ್. ನಿಂತ. ಅದೂ ನಿಂತಿತು. ನಡೆದ. ಅದೂ ಹೊರಟಿತು. ನಗು ಬತ್ತಿತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಹೇಶ್ ಎಂದು ಹೆಸರು ಮೂಡಿತ್ತು. ಚನ್ನವೀರನ ಹೆಬ್ಬೆರಳು ಒಂದು ಗಳಿಗೆ ತಡೆಯಿತು. ಹೋಗಲಿ. ಇವನಿಗೇ ಹೋಗಲಿ.

“ಹೂಂ, ಹೇಳು.”

ಸದ್ದು ಬೆನ್ನೇರಿತು. ಭುಜ ದಾಟಿತು. ತಣ್ಣಗೆ ಕೆನ್ನೆ ಸವರಿ ಫೋನಿನೊಳಕ್ಕೆ ಇಳಿಯಿತು.

“ಅಪ್ಪಾ, ನಾನು ಲಿಖಿತಾ! ಅಮ್ಮನ ಫೋನಲ್ಲಿ ಚಾರ್ಜಿಲ್ಲ. ಮಿಲ್ಲಿಗೆ ಊಟ ತಂದಿದೀವಿ, ಯಾವಾಗ್ ಬರ್ತೀ…”

ಆಮೇಲೆ ಬರೀ ಚೀರಾಟ.

ಅವನು ಓಡಿದ. ಮಿಲ್ಲಿನಲ್ಲಿ ಕರೆಂಟಿರಲಿಲ್ಲ. ಬೆಲ್ಟುಗಳು ಜೋತು ಬಿದ್ದಿದ್ದವು. ಹಿಟ್ಟಿನ ಧೂಳಿನಲ್ಲಿ ಆರು ವರ್ಷದ ಮಗಳು ಎರಡೂ ಕಿವಿ ಮುಚ್ಚಿಕೊಂಡು ಹೊರಳುತ್ತಿದ್ದಳು.

“ಮಿಲ್ ನಿಲ್ಸಪ್ಪಾ! ನಿಲ್ಸಪ್ಪಾ!”

ಮಗುವನ್ನು ಎತ್ತಿಕೊಂಡು ಗಂಡಹೆಂಡಿರು ಹೊಂಗೆಯ ಬುಡಕ್ಕೆ ಬಂದು ಬಿದ್ದರು. ಸಪ್ಪಲಮ್ಮ ಮಗುವನ್ನು ನೋಡಲಿಲ್ಲ, ಅವನನ್ನು ನೋಡಿದಳು.

“ಮರ್ತು ಓಗೊಟ್ಯಾ, ಅವ್ರಿಗೆ ಹೋಗ್ಲಿ ಅಂತ ಓಗೊಟ್ಯಾ?”

ವಾರಿಜಾ ಗಂಡನ ಮುಖವನ್ನೇ ನೋಡುತ್ತಿದ್ದಳು.

“ಮರ್ತು,” ಎಂದ ಚನ್ನವೀರ.

ಮುದುಕಿ ಒಂದು ಮಡಕೆ ಒಡೆದಳು. ಮಗು ಚೀರಿತು. ಎರಡನೆಯದು. ಮಗುವಿನ ಮೂಗಿನಿಂದ ರಕ್ತ ಇಳಿಯಿತು. ಮೂರನೆಯದನ್ನು ಎತ್ತಿದವಳು ಹಾಗೇ ಕೆಳಗಿಟ್ಟಳು.

“ತಾನಾಗಿ ಹೋಗಿದ್ರೆ ಬಂದಿರೋದು. ಇದು ಕೊಟ್ಟಿದ್ದು ಕಣವ್ವ. ಕೊಟ್ಟಿದ್ದು ವಾಪಸ್ ಬರಾಕಿಲ್ಲ.”

“ಯಾರು ಕೊಟ್ಟಿದ್ದು?” ಎಂದಳು ವಾರಿಜಾ, ತೀರಾ ಮೆಲ್ಲಗೆ.

ಚನ್ನವೀರನಿಗೆ ಒಂದಕ್ಷರವೂ ಬಿಡದೆ ಕೇಳಿಸಿತು.